‘ಹಾವಿನ ಹಾಡು’ ಮತ್ತು ಅರಿಯದ ಮಾತಿನ ಅರ್ಥ

ನಾಲ್ಕನೆಯ ತರಗತಿಯ ಹುಡುಗನೊಬ್ಬನು ಒಂದು ಪುಟವನ್ನು ಎಲ್ಲಿಯೂ ತಡವರಿಸದೆ ಓದಿ ಮುಗಿಸಿದನು. ಒತ್ತಕ್ಷರ ತಪ್ಪಲಿಲ್ಲ, ದೀರ್ಘ ಕುಗ್ಗಲಿಲ್ಲ. ಓದಿದುದರಲ್ಲಿ ಒಂದು ವಾಕ್ಯ ಹೀಗಿತ್ತು: ‘ಊರಿಗೆ ಹೋಗುವ ಅವಸರದಲ್ಲಿ ಅಜ್ಜನು ಕೊಡೆಯನ್ನು ಮರೆತುಬಿಟ್ಟನು.’ ‘ಅವಸರ ಎಂದರೇನು?’ ಎಂದು ಕೇಳಿದೆನು. ‘ಚಾನ್ಸು, ಮಾಷ್ಟ್ರೇ’ ಎಂದನು. ಅವನ ಮನೆಮಾತು ಮಲೆಯಾಳ. ಅಲ್ಲಿ ‘ಅವಸರಂ’ ಎಂದರೆ ಅವಕಾಶ. ಹಿಂದಿನ ಬೆಂಚಿನಲ್ಲಿದ್ದ ತುಳು ಮನೆಮಾತಿನ ಹುಡುಗಿಯೊಬ್ಬಳು ಕೈಯೆತ್ತಿ, ‘ಕೊಡೆ ಮರೆಯುವುದು’ ಎಂದಳು.

ಎರಡು ಉತ್ತರಗಳೂ ತಪ್ಪೇ. ಆದರೆ ಒಂದೇ ಬಗೆಯ ತಪ್ಪಲ್ಲ. ಹುಡುಗನು ಮಾತಿನ ಸದ್ದನ್ನು ನಂಬಿ ವಾಕ್ಯವನ್ನು ನೋಡದೆ ಹೋದನು. ‘ಊರಿಗೆ ಹೋಗುವ ಅವಸರ’ ಎಂಬಲ್ಲಿಗೆ ನಿಂತರೆ ಅವನ ಅರ್ಥವೂ ಸಲ್ಲುತ್ತದೆ. ವಾಕ್ಯದ ಉಳಿದರ್ಧವಾದ ಕೊಡೆ ಮರೆತ ಸಂಗತಿಯು ಮಾತ್ರ ಅದನ್ನು ಒಪ್ಪುವುದಿಲ್ಲ. ಹುಡುಗಿಯಾದರೋ ವಾಕ್ಯವನ್ನು ಬಿಗಿಯಾಗಿ ಹಿಡಿದಳು. ಎಷ್ಟು ಬಿಗಿಯೆಂದರೆ ಇಡಿಯ ವಾಕ್ಯವನ್ನೇ ಆ ಒಂದು ಮಾತಿನೊಳಗೆ ತುಂಬಿಬಿಟ್ಟಳು. ಅಮೆರಿಕದಲ್ಲಿ ಹೈಂಜ್ ವರ್ನರ್ ಮತ್ತು ಈಡಿತ್ ಕ್ಯಾಪ್ಲನ್ ಎಂಬ ಮನಶ್ಶಾಸ್ತ್ರಜ್ಞರು 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8½ರಿಂದ 13½ ವರ್ಷದ ಮಕ್ಕಳ ಮುಂದೆ 12 ಕೃತಕ ಶಬ್ದಗಳನ್ನು, ಒಂದೊಂದನ್ನೂ 6 ವಾಕ್ಯಗಳಲ್ಲಿ ಇರಿಸಿ ಅರ್ಥ ಕೇಳಿದರು. ಕಿರಿಯ ಮಕ್ಕಳು ಮಾತಿನ ಅರ್ಥವನ್ನೂ ವಾಕ್ಯದ ಅರ್ಥವನ್ನೂ ಬೇರ್ಪಡಿಸಲಾರದೆ ಒಂದರೊಳಗೊಂದನ್ನು ಕಲಸಿಬಿಡುತ್ತಾರೆಂಬುದು ಅವರಿಗೆ ಕಂಡುಬಂದ ಮುಖ್ಯ ಸಂಗತಿ. ನನ್ನ ತರಗತಿಯ ಹುಡುಗಿ ಮಾಡಿದುದೂ ಅದನ್ನೇ. ಆಕೆಯನ್ನು ದಡ್ಡಿಯೆಂದು ಕುಳ್ಳಿರಿಸುವುದು ಅನ್ಯಾಯ. ಆಕೆ ಅರ್ಧ ದಾರಿ ಬಂದಿದ್ದಾಳೆ.

ಇಲ್ಲಿ ನಮ್ಮ ಲಿಪಿಯ ಒಂದು ಗುಣವನ್ನೂ ಹೇಳಬೇಕು. ಕನ್ನಡದಲ್ಲಿ ಬರೆದಂತೆ ಓದಬಹುದು. ಅಕ್ಷರಮಾಲೆಯನ್ನೂ ಕಾಗುಣಿತವನ್ನೂ ಕಲಿತ ಮಗು ಯಾವ ಮಾತನ್ನಾದರೂ ಉಚ್ಚರಿಸಬಲ್ಲುದು. ಇಂಗ್ಲಿಷ್ ಓದುವ ಮಗು ಅರಿಯದ ಮಾತು ಬಂದಾಗ ಹೆಚ್ಚಾಗಿ ಎಡವುತ್ತದೆ, ಉಪಾಧ್ಯಾಯನಿಗೆ ಕೂಡಲೇ ತಿಳಿಯುತ್ತದೆ. ನಮ್ಮ ಮಗು ಎಡವುವುದಿಲ್ಲ. ಸಲೀಸಾದ ಓದನ್ನು ಕೇಳಿ ನಾವು ತಲೆದೂಗುತ್ತೇವೆ. ಮಗುವಿಗೆ ಎಷ್ಟು ಮಾತು ಹೊಸದು ಎಂಬುದು ನಮಗೆ ಗೊತ್ತೇ ಆಗುವುದಿಲ್ಲ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮಕ್ಕಳು ಕನ್ನಡ ಓದಲು ಅರಿಯರೆಂಬ ದೂರನ್ನು ಸಭೆಗಳಲ್ಲಿ ಕೇಳುತ್ತ ಬಂದಿದ್ದೇವೆ. ಓದಲು ಅರಿಯದವರು ಕಡಿಮೆ. ಓದಿದುದು ತಿಳಿಯದವರು ಬಹಳ. ಅವರು ಯಾರ ಲೆಕ್ಕಕ್ಕೂ ಸಿಕ್ಕುವುದಿಲ್ಲ.

ಇದಕ್ಕೆ ನಮ್ಮಲ್ಲಿರುವ ರೂಢಿಯ ಮದ್ದೆಂದರೆ ಪಾಠದ ಕೊನೆಯಲ್ಲಿ ಅಚ್ಚಾಗುವ ‘ಕಠಿಣ ಪದಗಳ ಪಟ್ಟಿ’. (ಮಲೆಯಾಳದಲ್ಲಿ ‘ಪಟ್ಟಿ’ ಎಂದರೆ ನಾಯಿ. ಹೊಸದಾಗಿ ಸೇರಿದ ಮಕ್ಕಳು ಈ ತಲೆಬರಹವನ್ನು ಕಂಡು ನಕ್ಕರೆ ಉಪಾಧ್ಯಾಯರು ಕೋಪಿಸಬಾರದು.) ಪಟ್ಟಿಯಲ್ಲಿ ಒಂದು ಮಾತು, ಸಮಚಿಹ್ನೆ, ಇನ್ನೊಂದು ಮಾತು: ‘ಎರಗು = ನಮಸ್ಕರಿಸು.’ ಮಗು ಅದನ್ನು ಹತ್ತು ಸಲ ಬರೆದು ಬಾಯಿಪಾಠ ಮಾಡುತ್ತದೆ. ಮುಂದಿನ ತಿಂಗಳು ಬೇರೊಂದು ಪಾಠದಲ್ಲಿ ಹದ್ದು ಕೋಳಿಮರಿಯ ಮೇಲೆ ಎರಗುತ್ತದೆ. ಆಗ ನನ್ನ ತರಗತಿಯಲ್ಲಿ ಹದ್ದು ಕೋಳಿಮರಿಗೆ ನಮಸ್ಕಾರ ಮಾಡಿದುದುಂಟು. ಮಾತಿಗೆ ಮಾತನ್ನು ಕಟ್ಟಿದಾಗ ಮಗುವಿನ ಕಣ್ಣು ವಾಕ್ಯದಿಂದ ತಪ್ಪಿ ಪಟ್ಟಿಗೆ ಹೋಗುತ್ತದೆ. ಒಮ್ಮೆ ಹೋದ ಕಣ್ಣು ಸುಲಭವಾಗಿ ಹಿಂದಿರುಗುವುದಿಲ್ಲ.

ಸಂದರ್ಭದಿಂದ ಅರ್ಥವನ್ನು ತಿಳಿಯಿಸುವುದು ಪಶ್ಚಿಮದಿಂದ ಬಂದ ಹೊಸ ಬೋಧನಕ್ರಮವೆಂದು ಕೆಲವರು ಭಾವಿಸಿರುವರು. ಅದು ಸರಿಯಲ್ಲ. ಶಬ್ದದ ಅರ್ಥ ತಿಳಿಯುವ ಬಗೆ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಆಳವಾಗಿ ವಿಚಾರಿಸಿದ್ದಾರೆ. ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ಹಿರಿಯರ ವ್ಯವಹಾರ, ವಾಕ್ಯಶೇಷ, ವಿವರಣೆ, ಸಿದ್ಧಪದದ ಸಾನ್ನಿಧ್ಯ ಎಂದು ನೈಯಾಯಿಕರು ಎಂಟು ದಾರಿಗಳನ್ನು ಎಣಿಸುವರು. ನಮ್ಮ ಪಾಠದ ಪಟ್ಟಿ ಇವುಗಳಲ್ಲಿ ಕೋಶವೆಂಬ ಒಂದೇ ಒಂದು. ಸಿದ್ಧಪದಸಾನ್ನಿಧ್ಯವೆಂದರೆ ಬಲ್ಲ ಮಾತಿನ ನೆರೆ: ಮಾವಿನ ಮರದಲ್ಲಿ ‘ಪಿಕ’ವು ಇಂಪಾಗಿ ಕೂಗುತ್ತಿದೆ ಎಂದರೆ, ಮಾವನ್ನೂ ಇಂಪಾದ ಕೂಗನ್ನೂ ಬಲ್ಲವನು ಪಿಕವು ಕೋಗಿಲೆಯೆಂದು ತಾನಾಗಿಯೇ ತಿಳಿದುಕೊಳ್ಳುವನು. ವಾಕ್ಯಶೇಷವೆಂದರೆ ಮಾತಿನ ಉಳಿದ ಭಾಗ. ‘ಯವ’ ಎಂಬುದು ಜವೆಗೋಧಿಯೋ ನವಣೆಯೋ ಎಂಬ ಸಂಶಯ ಬಂದಾಗ, ಉಳಿದ ಪೈರು ಬಾಡಿದ ಕಾಲದಲ್ಲಿ ಇದು ನಳನಳಿಸುತ್ತದೆ ಎಂಬ ಮುಂದಿನ ಮಾತಿನಿಂದ ಮೀಮಾಂಸಕರು ಜವೆಗೋಧಿಯೆಂದು ನಿರ್ಣಯಿಸಿದರು. ಅಜ್ಜನ ಕೊಡೆಯೂ ಇದೇ ಕೆಲಸವನ್ನು ಮಾಡುವುದಲ್ಲವೆ?

ಆ ಪಿಕದ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವುಂಟು. ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರನು ಪಿಕ, ತಾಮರಸ ಮೊದಲಾದುವು ಆರ್ಯರಲ್ಲಿ ಬಳಕೆಯಿಲ್ಲದ, ಮ್ಲೇಚ್ಛರ ಮಾತುಗಳೆಂದು ಹೇಳಿ, ಅಂಥವುಗಳಿಗೆ ವ್ಯುತ್ಪತ್ತಿಯನ್ನು ಕಟ್ಟಿ ಅರ್ಥ ಮಾಡದೆ, ಆಡುವವರು ಕೊಡುವ ಅರ್ಥವನ್ನೇ ಒಪ್ಪಬೇಕೆಂದು ತೀರ್ಪಿತ್ತನು. ಸುಮಾರು ಏಳನೆಯ ಶತಮಾನದ ಕುಮಾರಿಲಭಟ್ಟನು ಅದೇ ಸ್ಥಳದಲ್ಲಿ ದ್ರಾವಿಡ ಭಾಷೆಯ ಕೆಲವು ಮಾತುಗಳನ್ನು ಎತ್ತಿಕೊಂಡು ಕೆಲವು ಪಂಡಿತರನ್ನು ಹಾಸ್ಯ ಮಾಡುತ್ತಾನೆ. ಅವರು ಅನ್ನಕ್ಕೆ ಹೇಳುವ ‘ಚೋರ್’ ಎಂಬುದನ್ನು ಕಳ್ಳನಾದ ‘ಚೋರ’ನೆಂದೂ, ಹೊಟ್ಟೆಗೆ ಹೇಳುವ ‘ವೈರ್’ ಎಂಬುದನ್ನು ‘ವೈರಿ’ಯೆಂದೂ, ಹಾವಿಗೆ ಹೇಳುವ ‘ಪಾಂಪ್’ ಎಂಬುದನ್ನು ‘ಪಾಪ’ವೆಂದೂ ತಿದ್ದಿ, ಹಾವು ಪಾಪಿಯೇ ಅಲ್ಲವೆ ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಿದ್ದರಂತೆ! ನಮ್ಮ ಹುಡುಗನು ‘ಅವಸರ’ದಲ್ಲಿ ಮಾಡಿದ ತಪ್ಪೂ ಈ ಜಾತಿಯದೇ. ಕೇಳಿದ ಸದ್ದನ್ನು ತನ್ನ ಮನೆಯ ಮಾತಿಗೆ ಎಳೆದುಕೊಂಡನು. ದೊಡ್ಡವರು ಮಾಡಿದರೆ ವ್ಯುತ್ಪತ್ತಿ, ಚಿಕ್ಕವರು ಮಾಡಿದರೆ ಪೆಟ್ಟು. ಇಂದಿಗೂ ನಮ್ಮೂರಿನ ಮಗುವಿಗೆ ಮನೆಯಲ್ಲಿ ‘ಚೋರ್’ ಎಂದರೆ ಅನ್ನ, ಶಾಲೆಯಲ್ಲಿ ‘ಚೋರ’ ಎಂದರೆ ಕಳ್ಳ.

ಇನ್ನು, ಸಂದರ್ಭವೇ ಅರ್ಥವನ್ನು ಕಲಿಸುವುದು ಹೇಗೆಂಬುದನ್ನು ಒಂದು ಕೃತಿಯ ಮೇಲಿಟ್ಟು ಪರೀಕ್ಷಿಸೋಣ. ‘ನಾಗರ ಹಾವೆ’ ಎಂದು ನಾಡಿಗೆಲ್ಲ ಪರಿಚಿತವಾದ ಪಂಜೆ ಮಂಗೇಶರಾಯರ ‘ಹಾವಿನ ಹಾಡ’ನ್ನು ಆರಿಸಿಕೊಂಡಿದ್ದೇನೆ. ಪಂಜೆಯವರು (1874–1937) ಬಂಟ್ವಾಳದಲ್ಲಿ ಹುಟ್ಟಿದವರು, ಮನೆಯಲ್ಲಿ ಕೊಂಕಣಿಯವರು, ಉಪಾಧ್ಯಾಯರೂ ಶಾಲಾ ಇನ್ಸ್ಪೆಕ್ಟರರೂ ಆಗಿದ್ದವರು. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು ಆದ ಮಗುವಿನ ಪಾಡನ್ನು ಅವರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಈ ಹಾಡಿನ ಲಯವನ್ನು, ಅದರ ಧೈರ್ಯವನ್ನು ಹೊಗಳಿದವರು ಬಹಳ ಮಂದಿ. ಇದರಲ್ಲಿ ಮಕ್ಕಳಿಗೆ ಕಠಿಣವಾದ ಮಾತುಗಳು ಎಷ್ಟಿವೆ, ಅವುಗಳನ್ನು ಕವಿ ಎಲ್ಲಿ ಇರಿಸಿದ್ದಾರೆ ಎಂದು ನೋಡಿದವರು ಕಡಿಮೆ.

ಮೊದಲ ನುಡಿಯಲ್ಲಿಯೇ ‘ಠಾವು’ ಬರುತ್ತದೆ. ಮೈಸೂರು ಸೀಮೆಯ ಹಳ್ಳಿಯ ಮಗುವಿಗೆ ‘ಅವರ ತಾವ ಹೋದೆ’ ಎಂಬ ಬಳಕೆಯಿಂದ ಇದು ಹತ್ತಿರ. ತೆಲುಗು ಮನೆಯ ಮಗುವಿಗೂ ‘ತಾವು’ ಎಂದರೆ ಜಾಗ. ನಮ್ಮ ಮಗುವಿಗೆ ಅಪರಿಚಿತ. ಆದರೆ ಅದರ ಹಿಂದೆಯೇ ಬಿಲ ಉಂಟು. ಹಾವು, ಬಿಲ, ನಿನ್ನದು ಎಂಬ ಮೂರು ಬಲ್ಲ ಮಾತುಗಳ ನಡುವೆ ಕುಳಿತ ನಾಲ್ಕನೆಯ ಮಾತು ಇರುವ ಜಾಗವಲ್ಲದೆ ಇನ್ನೇನಾದೀತು? ನನ್ನ ತರಗತಿಯಲ್ಲಿ ‘ಮನೆ’ ಎಂದರು. ಸಾಕು, ಮನೆಯಿಂದ ನೆಲೆಗೆ ಒಂದೇ ಮೆಟ್ಟಿಲು.

ಮುಂದೆ ‘ಹಾಲನ್ನೀವೆ’. ಇಲ್ಲಿ ಹೊಸ ಮಾತು ಸಂಧಿಯೊಳಗೆ ಅಡಗಿರುವುದರಿಂದ ಮಗುವಿಗೆ ಅದು ಕಾಣಿಸುವುದೇ ಇಲ್ಲ. ಒಬ್ಬ ಹುಡುಗನು ‘ಹಾಲು ನೀವೇ’ ಎಂದು ಬಿಡಿಸಿ, ಹಾವನ್ನೇ ಹಾಲು ಮಾಡಿದನು. ನಾನು ತಪ್ಪೆನ್ನಲಿಲ್ಲ, ಈ ಹಾಡಿನಲ್ಲಿ ಹಾವನ್ನು ಬಹುವಚನದಿಂದ ಕರೆದುದು ಬೇರೆಲ್ಲಿ ಉಂಟು, ತೋರಿಸು ಎಂದೆನು. ಹುಡುಕಿದನು, ಎಲ್ಲಿಯೂ ಇಲ್ಲ, ಎಲ್ಲವೂ ‘ನೀನು’. ಆಮೇಲೆ ಬೆರಳು ‘ಮುಗಿವೆ’ಯ ಮೇಲೆ ನಿಂತಿತು. ಕೈಮುಗಿಯುವವನು ನಾನು, ಅದೇ ‘ವೆ’ ಇಲ್ಲಿಯೂ ಇದೆ, ಹಾಲನ್ನು ನಾನು ಏನೋ ಮಾಡುವೆನು. ಹಾವಿಗೆ ಹಾಲನ್ನು ಏನು ಮಾಡುವರು ಎಂಬುದು ನಾಗರಪಂಚಮಿಯನ್ನು ಕಂಡ ಮಗುವಿಗೆ ಕೇಳಬೇಕೆ? ‘ಈ’ ಎಂಬ ಧಾತು ಹೀಗೆ ಸಿಕ್ಕಿತು. ವ್ಯಾಕರಣವು ಪರೀಕ್ಷೆಗೆ ಮಾತ್ರವಲ್ಲ, ಅರ್ಥಕ್ಕೂ ಬೇಕಾದುದೆಂದು ಆ ತರಗತಿಗೆ ಅಂದು ತಿಳಿಯಿತು. ಇದಕ್ಕೆ ಹತ್ತು ನಿಮಿಷ ಹಿಡಿಯಿತೆಂಬುದನ್ನೂ ಹೇಳಬೇಕು. ಪಟ್ಟಿಗಾದರೆ ಹತ್ತು ಸೆಕೆಂಡು.

‘ಲಾಲಿಸು’ ಎಂಬುದು ದಾರಿ ತಪ್ಪಿಸುವ ಮಾತು. ಮಕ್ಕಳು ಒಕ್ಕೊರಲಿನಿಂದ ‘ಜೋಗುಳ ಹಾಡು’ ಎಂದರು. ‘ಲಾಲಿ’ಯ ಸದ್ದು ಹಾಗೆ ಎಳೆಯಿತು. ಆದರೆ ಅದರ ಒಂದು ಬದಿಯಲ್ಲಿ ಕೊಳಲು ಊದುವ ಮಾತು, ಇನ್ನೊಂದು ಬದಿಯಲ್ಲಿ ರಾಗ. ಊದುವವನು ನಾನು, ಹಾಗಾದರೆ ಹಾವಿನ ಕೆಲಸವೇನು? ಕೇಳುವುದು. ಸದ್ದು ಒಂದು ಕಡೆಗೆ ಎಳೆದಾಗ ನೆರೆಯ ಮಾತು ಇನ್ನೊಂದು ಕಡೆಗೆ ಎಳೆದರೆ, ನೆರೆಯ ಮಾತನ್ನು ನಂಬು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪದ್ಯವನ್ನು ನಾನು ಕಾಣೆ.

‘ಎರಗು’ವಿನ ಕತೆ ಆಗಲೇ ಬಂತು. ಹಾಡಿನಲ್ಲಿ ಅದರ ಜೊತೆಗೆ ‘ನಿನಗೆ’ ಎಂದಿದೆ. ನಿನಗೆ ಎರಗಿದರೆ ನಮಸ್ಕಾರ, ನಿನ್ನ ಮೇಲೆ ಎರಗಿದರೆ ದಾಳಿ. ಒಂದು ವಿಭಕ್ತಿಯಲ್ಲಿ ಕೋಳಿಮರಿಯ ಜೀವ ಇದೆ. ಈ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರೆ ಸಾಕು. ‘ನಮಸ್ಕರಿಸು’ ಎಂಬ ಅರ್ಥವನ್ನು ಪಟ್ಟಿಯಿಂದ ಕೊಟ್ಟುದರ ದೋಷ ಕೂಡಲೇ ತಿಳಿಯುವುದು.

ಗಡಿನಾಡಿನ ಮಗುವಿಗೆ ನೆರೆಯ ಭಾಷೆ ಅಡ್ಡಿಯೆಂದೇ ಈವರೆಗೆ ಹೇಳಿದಂತಾಯಿತು. ಅದೇ ಹಾಡು ಇದಕ್ಕೆ ಉತ್ತರವನ್ನೂ ಕೊಡುತ್ತದೆ. ‘ಹಗೆ’ ಎಂಬ ಮಾತನ್ನು ತೆಗೆದುಕೊಳ್ಳಿ. ಪಟ್ಟಿಯಲ್ಲಿ ‘ದ್ವೇಷ’ ಎಂದಿರುವುದು. ಅದೂ ಮಗುವಿಗೆ ಹೊಸದು. ಆದರೆ ಮಲೆಯಾಳದಲ್ಲಿ ‘ಪಗ’, ತುಳುವಿನಲ್ಲಿ ‘ಪಗೆ’, ತೆಲುಗಿನಲ್ಲಿ ‘ಪಗ’, ತಮಿಳಿನಲ್ಲಿ ‘ಪಗೈ’. ಪಾಲ್–ಹಾಲು, ಪುಲಿ–ಹುಲಿ, ಪತ್ತ್–ಹತ್ತು ಎಂದು ನಾಲ್ಕು ಜೋಡಿಗಳನ್ನು ಬರೆದುಕೊಟ್ಟರೆ ಉಳಿದುದನ್ನು ಮಕ್ಕಳೇ ಬರೆಯುವರು. ‘ಹೊಂದಲೆ’ ಎಂಬ ಸಮಾಸವನ್ನು ಬಿಡಿಸಿದಾಗ ಸಿಕ್ಕುವ ‘ಹೊನ್’ ಎಂಬುದು ಮಲೆಯಾಳದ ‘ಪೊನ್ನ್’ ಎಂದು ಕಂಡುಹಿಡಿದವಳು, ಕೊಡೆ ಮರೆತ ಹುಡುಗಿಯ ಪಕ್ಕದಲ್ಲಿ ಕುಳಿತವಳು. ಹಾವಿನ ಹೆಡೆಯನ್ನು ಹಳದಿಯೆಂದು ಕವಿ ಆಗಲೇ ಹೇಳಿದ್ದರಿಂದ ಚಿನ್ನದ ಬಣ್ಣದ ತಲೆ ಎಂಬ ಊಹೆಗೆ ಸಾಕ್ಷಿಯೂ ದೊರೆಯಿತು. ಸಾಕ್ಷಿಯಿಲ್ಲದೆ ಈ ಕೀಲಿಕೈಯನ್ನು ಬಳಸಗೊಡಬಾರದು. ತುಳುವಿನಲ್ಲಿ ಹಾವು ‘ಉಚ್ಚು’. ಅಲ್ಲಿ ಈ ಕೀಲಿಕೈ ನಡೆಯದು. ತುಳುವಿನ ‘ಕಂಡ’, ಮಲೆಯಾಳದ ‘ಕಂಡಂ’ ಎರಡೂ ಗದ್ದೆ. ‘ದಾರಿಯಲ್ಲಿ ಕಂಡ ಹುಲಿ’ ಎಂಬುದನ್ನು ಗದ್ದೆಯ ಹುಲಿಯೆಂದು ತಿಳಿದ ಮಗುವನ್ನು ‘ದಾರಿಯಲ್ಲಿ’ ಎಂಬ ಮಾತೇ ತಡೆಯಬೇಕು.

ಹಾಡಿನ ಕೊನೆಯಲ್ಲಿ ಹಾವನ್ನು ಹೊರಗೆ ಕಳುಹಿಸುವಾಗ ಕವಿ ‘ಪೋ’ ಎನ್ನುತ್ತಾರೆ. ಹೊಸಗನ್ನಡದಲ್ಲಿ ಬೆಳೆದ ನಗರದ ಮಗು ಇದರ ಅರ್ಥವನ್ನು ಕೇಳಬೇಕಾದೀತು. ತುಳುವರ, ಮಲೆಯಾಳಿಗಳ, ತಮಿಳರ, ತೆಲುಗರ ಮನೆಯಿಂದ ಬಂದ ಮಗುವಿಗೆ ಅದು ತಾಯಿಯ ಬಾಯಿಂದಲೇ ಕೇಳಿದ ಮಾತು. ಇಡಿಯ ಪದ್ಯದಲ್ಲಿ ಪದಕೋಶದ ಹಂಗಿಲ್ಲದೆ ನಮ್ಮ ಮಕ್ಕಳು ಗೆದ್ದ ಸ್ಥಳ ಇದೊಂದು. ಹಳಗನ್ನಡದ ಪಾಲ್, ಪುಲಿ, ಪೂ, ಪಗೆ ಎಲ್ಲವೂ ಇದೇ ಬಾಗಿಲಿನಿಂದ ಒಳಗೆ ಬರಬಹುದಾಗಿತ್ತು. ನಾವು ಎಂಟನೆಯ ತರಗತಿಯವರೆಗೆ ಬಾಗಿಲು ಹಾಕಿ, ಆಮೇಲೆ ಹಳಗನ್ನಡ ಕಬ್ಬಿಣದ ಕಡಲೆಯೆಂದು ಮಕ್ಕಳನ್ನು ಹೆದರಿಸುತ್ತೇವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಕನ್ನಡದ ಮಾತಿನ ಪಕ್ಕದಲ್ಲಿ ತುಳು, ತಮಿಳು, ಮಲೆಯಾಳ, ತೆಲುಗಿನ ರೂಪಗಳನ್ನೂ ಕೊಡುತ್ತದೆ. ಗಡಿನಾಡಿನ ಉಪಾಧ್ಯಾಯನ ಮೇಜಿನ ಮೇಲೆ ಇರಬೇಕಾದ ಗ್ರಂಥವದು; ಗಾಜಿನ ಬೀರುವಿನಲ್ಲಿ ಅಲ್ಲ.

ಈ ಪರಿಶೀಲನೆಯನ್ನು ಇತರ ಗಡಿಗಳ ಮಿತ್ರರೂ ತಮ್ಮತಮ್ಮಲ್ಲಿ ಮಾಡಬೇಕೆಂದು ನನ್ನ ಆಸೆ. ಮಡಕಶಿರಾ, ರಾಯದುರ್ಗಗಳ ಕಡೆ ‘ಅವಸರ’ವು ಚಾನ್ಸೂ ಅಲ್ಲ, ತ್ವರೆಯೂ ಅಲ್ಲ, ತೆಲುಗಿನಲ್ಲಿ ಅದು ಅಗತ್ಯ. ಅಲ್ಲಿ ‘ಬಡಿ’ ಎಂದರೆ ಶಾಲೆ. ಕನ್ನಡದಲ್ಲಿ ಅದಕ್ಕಿರುವ ಅರ್ಥ ಶಾಲೆಗೆ ತೀರ ದೂರವಾದುದಲ್ಲ ಎಂದು ಹಳೆಯ ವಿದ್ಯಾರ್ಥಿಗಳು ಹೇಳಿಯಾರು. ಅಕ್ಕಲಕೋಟೆ, ಜತ್ತಗಳಲ್ಲಿ ಮರಾಠಿಯ ‘ಅಭ್ಯಾಸ’ ಓದು. ಕನ್ನಡ ಪಾಠದಲ್ಲಿ ಅದು ರೂಢಿಯೂ ಆದೀತು. ಇಂಥ ಮಾತುಗಳನ್ನು ಊರೂರಿನವರು ಸಂಗ್ರಹಿಸಿದರೆ ಬೇಕಾದಷ್ಟಾಗುವುವು.

ಆದರೆ ಸಂದರ್ಭವೆಂಬುದನ್ನು ಸರ್ವರೋಗಕ್ಕೆ ಮದ್ದೆಂದು ಹೊಗಳುವವರ ಜೊತೆಗೂ ನಾನು ನಿಲ್ಲಲಾರೆ. ನೆರೆಯಲ್ಲಿ ಬಲ್ಲ ಮಾತುಗಳಿದ್ದರಲ್ಲವೆ ನೆರವು? ಭಾಷಾಂತರದ ಪಾಠಗಳಲ್ಲಿ ಬರುವ ಬಗೆಯ ವಾಕ್ಯವೊಂದನ್ನು ಮಾದರಿಗಾಗಿ ಕಟ್ಟುತ್ತೇನೆ: ‘ಪರಿಸರದ ಘಟಕಗಳ ಪರಸ್ಪರಾವಲಂಬನೆಯು ಸಂತುಲನಕ್ಕೆ ಆಧಾರಭೂತವಾಗಿರುತ್ತದೆ.’ ಇಲ್ಲಿ ಸಿದ್ಧಪದ ಯಾವುದು? ಹೂ ಮತ್ತು ನೇಷನ್ ಎಂಬಿಬ್ಬರು 2000ದಲ್ಲಿ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಒಂದು ಕತೆಯನ್ನು ಓದಲು ಕೊಟ್ಟು ಪರೀಕ್ಷಿಸಿದರು. ನೂರರಲ್ಲಿ 20 ಮಾತು ಅಪರಿಚಿತವಾಗಿದ್ದಾಗ ಒಬ್ಬರಿಗೂ ಕತೆ ಸಾಕಷ್ಟು ತಿಳಿಯಲಿಲ್ಲ. ಹೆಚ್ಚಿನವರಿಗೆ ಚೆನ್ನಾಗಿ ತಿಳಿಯಬೇಕಾದರೆ ಸುಮಾರು 98 ಮಾತು ಗೊತ್ತಿರಬೇಕೆಂದು ಕಂಡುಬಂತು. ಕನ್ನಡಕ್ಕೆ ಈ ಅಂಕೆಯನ್ನು ಹಾಗೆಯೇ ಅನ್ವಯಿಸಲಾಗದು. ನಮ್ಮಲ್ಲಿ ಒಂದು ಮಾತಿಗೆ ಮೂರು ಪ್ರತ್ಯಯ ಅಂಟಿರುತ್ತವೆ. ಆದರೂ ಮೇಲಿನ ವಾಕ್ಯವನ್ನು ಮಗುವಿನ ಮುಂದಿಟ್ಟು ‘ಊಹಿಸು’ ಎನ್ನುವುದು ಕಣ್ಣು ಕಟ್ಟಿ ದಾರಿ ಕೇಳಿದಂತೆ. ಅಲ್ಲಿ ತಪ್ಪು ಮಗುವಿನದಲ್ಲ, ಪಾಠ ಬರೆದವರದು. ಪಂಜೆಯವರ ಹಾಡನ್ನೂ ಇಂಥ ಪಾಠವನ್ನೂ ಪಕ್ಕಪಕ್ಕದಲ್ಲಿಟ್ಟರೆ ಪಠ್ಯವಿಮರ್ಶೆಗೆ ಬೇರೆ ಅಳತೆಗೋಲು ಬೇಕಾಗದು: ಪ್ರತಿಯೊಂದು ಹೊಸ ಮಾತಿಗೂ ನೆರೆಯಲ್ಲಿ ಒಬ್ಬ ಪರಿಚಿತನನ್ನು ಕುಳ್ಳಿರಿಸಿದ್ದಾರೆಯೇ?

ಪರಿಚಿತನಿದ್ದರೂ ಒಂದು ಸಲದ ಭೇಟಿಯಿಂದ ಬಹಳವಾಗದು. ಸ್ವಾನ್‌ಬಾರ್ನ್ ಮತ್ತು ದೆ ಗ್ಲಾಪರ್ ಎಂಬವರು 1999ರಲ್ಲಿ 20 ಪ್ರಯೋಗಗಳ ಫಲವನ್ನು ಒಟ್ಟುಗೂಡಿಸಿ ನೋಡಿದಾಗ, ಸಹಜವಾಗಿ ಓದುತ್ತ ಎದುರಾದ ಹೊಸ ಮಾತುಗಳಲ್ಲಿ ವಿದ್ಯಾರ್ಥಿಗಳಿಗೆ ದಕ್ಕಿದುದು ನೂರಕ್ಕೆ ಸುಮಾರು 15. ವರ್ನರ್, ಕ್ಯಾಪ್ಲನ್ ಆರು ವಾಕ್ಯಗಳನ್ನು ಕೊಟ್ಟುದು ಸುಮ್ಮನೆ ಅಲ್ಲ. ನನ್ನ ರೂಢಿ ಇಷ್ಟೇ: ಹೊಸ ಮಾತನ್ನು ಕೈಯಿಂದ ಮುಚ್ಚಿ, ಅಲ್ಲಿ ಬೇರೆ ಯಾವ ಮಾತು ಕುಳಿತೀತು ಎಂದು ಕೇಳುತ್ತೇನೆ. ಬಂದ ಉತ್ತರವನ್ನು ವಾಕ್ಯದ ಕೊನೆಯವರೆಗೂ ಓದಿ ನೋಡಿಸುತ್ತೇನೆ. ಆ ವಾರದಲ್ಲಿಯೇ ಅದೇ ಮಾತನ್ನು ಬೇರೆ ಮೂರು ವಾಕ್ಯಗಳಲ್ಲಿ, ಸಾಧ್ಯವಾದರೆ ಕೊಡೆಯೇ ಇಲ್ಲದ ಅವಸರಗಳಲ್ಲಿ, ತರುತ್ತೇನೆ. ಬಸ್ಸು ಹಿಡಿಯುವ ಅವಸರ, ಊಟದ ಅವಸರ ಬಂದಮೇಲೆ ಹುಡುಗಿಯ ‘ಅವಸರ’ದಿಂದ ಕೊಡೆ ತಾನಾಗಿ ಕಳಚಿತು.

ಪಂಜೆಯವರ ಹಾಡಿನಲ್ಲಿಯೂ ಸಂದರ್ಭ ಕೈಕೊಡುವ ಸ್ಥಳ ಒಂದುಂಟು. ಬಡವನಿಗೆ ಚಿನ್ನವನ್ನು ತರಲು ಹೇಳುವಲ್ಲಿ ‘ಕೊಪ್ಪರಿಗೆ’ ಬರುತ್ತದೆ. ಅದು ಚಿನ್ನದ ಜಾತಿಯೋ, ಒಡವೆಯೋ, ಅಳತೆಯೋ ಎಂದು ನೆರೆಯ ಮಾತುಗಳು ಹೇಳುವುದಿಲ್ಲ. ತೆಂಗಿನ ನಾಡಿನ ನಮ್ಮ ಮಕ್ಕಳು ಒಣಗಿದ ಕೊಬ್ಬರಿಯ ‘ಕೊಪ್ರ’ವನ್ನು ನೆನೆದು, ಕೊಬ್ಬರಿಯಷ್ಟು ಚಿನ್ನವೆಂದರು. ಊಹೆ ಕೆಟ್ಟದಲ್ಲ, ಆದರೆ ಅದನ್ನು ಅಲ್ಲಗಳೆಯಲು ಪದ್ಯದಲ್ಲಿ ಏನೂ ಇಲ್ಲ. ಇಂಥಲ್ಲಿ ಇನ್ನೂ ಊಹಿಸು, ಇನ್ನೂ ಊಹಿಸು ಎಂದು ಮಗುವನ್ನು ಕಾಡಬಾರದು, ಆಪ್ತವಾಕ್ಯವೂ ಎಂಟರಲ್ಲೊಂದು. ನಾನು ಮಕ್ಕಳನ್ನು ಎಬ್ಬಿಸಿಕೊಂಡು ಶಾಲೆಯ ಅಡುಗೆಕೋಣೆಗೆ ಹೋದೆನು. ಮಧ್ಯಾಹ್ನದ ಗಂಜಿ ಬೇಯಿಸುವ ದೊಡ್ಡ ಪಾತ್ರೆ ಬೋರಲು ಬಿದ್ದಿತ್ತು. ಹಿಂದಿನ ಕಾಲದಲ್ಲಿ ಇದಕ್ಕಿಂತಲೂ ದೊಡ್ಡದಾಗಿ, ತಾಮ್ರದ್ದಾಗಿ ಇರುತ್ತಿದ್ದುದೇ ಕೊಪ್ಪರಿಗೆ ಎಂದೆನು. ಅವಸರವೆಂದರೆ ಚಾನ್ಸೆಂದ ಹುಡುಗನು ಪಾತ್ರೆಯನ್ನು ಸುತ್ತಿ ಬಂದು, ಒಳಗೆ ಇಣುಕಿ, ‘ಇಷ್ಟು ಚಿನ್ನವನ್ನು ಹಾವು ಎತ್ತುವುದು ಹೇಗೆ, ಮಾಷ್ಟ್ರೇ?’ ಎಂದು ಕೇಳಿದನು.